ಅಪ್ಪನ ಅಪ್ಪಣೆಯ ರಜೆ

ಹತ್ತು ಮಾವಿನ ಹಣ್ಣಿಗೆ 15 ಆಣೆಯಾದರೆ ನಾಲ್ಕು ಹಣ್ಣಿಗೆ ಎಷ್ಟು? ಬೇಸಿಗೆ ರಜೆಯ ಒಂದು ದಿನ ಮಾಲ್ಗುಡಿಯ ಬಾಲಕ ಸ್ವಾಮಿಗೆ ಅವನ ತಂದೆ ಕೊಡುವ ಲೆಕ್ಕ ಇದು. ಹುಡುಗನಿಗೆ ಅಂಕಿಗಳು ಕಾಣುವುದಿಲ್ಲ, ಹಣ್ಣು ಕಾಣುತ್ತದೆ. ಆ ಹಣ್ಣುಗಳು ಮಾಗಿದ್ದವೋ ಇಲ್ಲವೋ ಎಂಬುದು ತಿಳಿಯದೆ ಬೆಲೆ ಹೇಳುವುದು ಹೇಗೆಂದು ಅವನು ಯೋಚಿಸುತ್ತಾನೆ. ಅದನ್ನೇ ಕೇಳಿಯೂ ಬಿಡುತ್ತಾನೆ. ತಂದೆಗೆ ನಗು ಬರುತ್ತದೆ, ಆದರೆ ತೋರಿಸಿಕೊಳ್ಳುವಂತಿಲ್ಲ. ಕೊನೆಗೆ ಸರಿಯಾದ ಉತ್ತರ ಹುಡುಗನ ಬಾಯಿಂದ ಹೊರಡುತ್ತದೆ. ಅದರ ಜೊತೆಗೇ ಅಳುವೂ ಬರುತ್ತದೆ.

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾದ ಕಾದಂಬರಿ. ಅರ್ಧ ಶತಮಾನದ ತರುವಾಯ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮೂಲಕ ಅದು ದೂರದರ್ಶನಕ್ಕೆ ಬಂತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಮನೆಮನೆಯ ಮಾತಾದರು. ಆ ಧಾರಾವಾಹಿಯಲ್ಲಿ ಭೂತಪ್ರೇತಗಳ ಕತೆಗಳಿದ್ದವು, ಮೋಸ ಹೋದವರ, ಮೋಸ ಮಾಡಿದವರ ಕತೆಗಳಿದ್ದವು. ಆದರೂ ನೆನಪಿನಲ್ಲಿ ಮೊದಲು ಏಳುವುದು ಶಾಲೆ ಮುಚ್ಚಿದಾಗಿನ ಸ್ವಾಮಿ. ಏನೂ ನಡೆಯದ ದಿನಗಳ ಆ ಕತೆ ಇಷ್ಟು ಕಾಲ ಉಳಿದದ್ದು ಏಕೆ ಎಂಬುದು ಕೇಳಬೇಕಾದ ಪ್ರಶ್ನೆ.

ಹಬ್ಬ ಬೇರೆ, ರಜೆ ಬೇರೆ

ಅಮೆರಿಕದ ಕೌಟುಂಬಿಕ ನಗೆ ಧಾರಾವಾಹಿಗಳಲ್ಲಿ ‘ಹಾಲಿಡೇ’ ಕಂತು ಎಂಬುದೊಂದು ಸಂಪ್ರದಾಯವೇ ಆಗಿದೆ. ಅಲ್ಲಿ ಆ ಮಾತಿನ ಅರ್ಥ ಹಬ್ಬ, ಮುಖ್ಯವಾಗಿ ಕ್ರಿಸ್‌ಮಸ್. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ಯ ಕ್ರಿಸ್‌ಮಸ್ ಕಂತು ಪ್ರಸಾರವಾದದ್ದು 1956ರ ಡಿಸೆಂಬರ್ 24ರಂದು. ಮನೆಯವರು ಹಬ್ಬದ ಮರವನ್ನು ಸಿಂಗರಿಸುತ್ತ ಹಳೆಯ ದಿನಗಳನ್ನು ನೆನೆಯುತ್ತಾರೆ ಎಂಬುದಷ್ಟೇ ಅದರ ಹೂರಣ. ಹಬ್ಬದ ಕಂತಾದ್ದರಿಂದಲೇ ಅದು ವರ್ಷವಿಡೀ ನಡೆಯುವ ಮರುಪ್ರಸಾರಗಳ ಕಟ್ಟಿನಿಂದ ಹೊರಗುಳಿಯಿತು. ಮತ್ತೆ ತೆರೆಗೆ ಬಂದದ್ದು 1989ರಲ್ಲಿ. ಪಂಚಾಂಗಕ್ಕೆ ಕಟ್ಟಿಹಾಕಿದ ಕತೆಗೆ ಆ ದಿನ ಬಿಟ್ಟರೆ ಬೇರೆ ದಿನವಿಲ್ಲ.

ಇಂಗ್ಲಿಷಿನ ಆ ಪದದ ಮೂಲಾರ್ಥವೇ ‘ಪವಿತ್ರ ದಿನ’. ಅಲ್ಲಿ ಹಬ್ಬಕ್ಕೂ ಬಿಡುವಿಗೂ ಒಂದೇ ಮಾತು. ಕನ್ನಡದಲ್ಲಿ ಹಾಗಲ್ಲ, ಎರಡಕ್ಕೂ ಬೇರೆ ಬೇರೆ ವಂಶಾವಳಿಗಳಿವೆ. ‘ಹಬ್ಬ’ ಸಂಸ್ಕೃತದ ‘ಪರ್ವ’ದ ತದ್ಭವ, ಹಳಗನ್ನಡದಲ್ಲಿ ‘ಪಬ್ಬ’ವಾಗಿ ಬಳಿಕ ‘ಹಬ್ಬ’ವಾಯಿತು. ‘ರಜೆ’ ಬಂದದ್ದು ಇನ್ನೊಂದು ದಾರಿಯಲ್ಲಿ. ಅರಬ್ಬಿಯಲ್ಲಿ ಒಪ್ಪಿಗೆ, ಸಮ್ಮತಿ ಎಂಬ ಅರ್ಥದ ಮಾತು ಪಾರಸಿಯನ್ನು ಹಾದು ಮರಾಠಿಯಲ್ಲಿ ‘ರಜಾ’ ಆಗಿ, ಆಡಳಿತದ ಪದಗಳ ಜೊತೆ ಕನ್ನಡಕ್ಕೂ ಬಂತು. ಅಂದರೆ ರಜೆ ಮೂಲತಃ ಬಿಡುವಲ್ಲ, ಅಪ್ಪಣೆ. ಯಾರೋ ಮೇಲಿನವರು ‘ಹೋಗಬಹುದು’ ಎಂದರೆ ಮಾತ್ರ ಸಿಗುವಂಥದು. ಇಂದಿಗೂ ಕಚೇರಿಗಳಲ್ಲಿ ರಜೆಯನ್ನು ಯಾರೂ ತಾವಾಗಿ ತೆಗೆದುಕೊಳ್ಳುವಂತಿಲ್ಲ; ಅರ್ಜಿ ಕೊಡಬೇಕು, ಅದು ಮಂಜೂರಾಗಬೇಕು.

ಈ ಅಪ್ಪಣೆಯ ರಜೆ ನಮ್ಮ ಜೀವನದೊಳಗೆ ಬಂದದ್ದು ತೀರ ಹಿಂದೇನೂ ಅಲ್ಲ. ಹಳೆಯ ಪಾಠಶಾಲೆಗಳಲ್ಲಿ ಹುಣ್ಣಿಮೆ, ಅಮಾವಾಸ್ಯೆ, ಪಾಡ್ಯ, ಅಷ್ಟಮಿಗಳು ಅನಧ್ಯಯನದ ದಿನಗಳು. ಅವನ್ನು ಚಂದ್ರನೇ ಗೊತ್ತುಮಾಡುತ್ತಿದ್ದ. ಕರ್ನಾಟಕದ ಎಷ್ಟೋ ಕಡೆ ರೈತರು ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಅದು ಬಸವಣ್ಣನ ದಿನ. ಭಾನುವಾರದ ರಜೆ ಮುಂಬಯಿಯ ಗಿರಣಿ ಕಾರ್ಮಿಕರಿಗೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದ ಫಲವಾಗಿ. ಇಂಗ್ಲಿಷ್ ಶಾಲೆ, ಕೋರ್ಟು, ಕಚೇರಿ, ಕಾರ್ಖಾನೆಗಳು ಬಂದಂತೆಲ್ಲ ಬಿಡುವಿನ ದಿನಗಳು ಪಂಚಾಂಗದಿಂದ ಇಳಿದು ಗೋಡೆಯ ಕ್ಯಾಲೆಂಡರಿಗೆ ಬಂದವು. ಸ್ವಾಮಿಯ ರಜೆ ಈ ಹೊಸ ಜಗತ್ತಿನ ರಜೆ.

ವಿಜಯದಶಮಿಯಲ್ಲಿ ಹುಟ್ಟಿದ ಊರು

ಸ್ವಾರಸ್ಯವೆಂದರೆ ಮಾಲ್ಗುಡಿ ಎಂಬ ಊರು ಹುಟ್ಟಿದ್ದು ಮಾತ್ರ ಹಬ್ಬದ ದಿನ. 1930ರಲ್ಲಿ ಬೆಂಗಳೂರಿನ ತಮ್ಮ ಅಜ್ಜಿಯ ಮನೆಯಲ್ಲಿದ್ದ ನಾರಾಯಣ್, ಅಕ್ಷರಾಭ್ಯಾಸಕ್ಕೆ ಪ್ರಶಸ್ತವೆನಿಸಿದ ವಿಜಯದಶಮಿಯಂದು ಒಂದು ನೋಟ್‌ಬುಕ್ ತಂದು ಬರೆಯಲು ಕುಳಿತರು. ಒಂದು ಪುಟ್ಟ ರೈಲು ನಿಲ್ದಾಣ ಕಣ್ಣ ಮುಂದೆ ಬಂತು, ಅದರ ಜೊತೆಗೇ ಮಾಲ್ಗುಡಿ ಎಂಬ ಹೆಸರೂ ಬಂತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಊರು ಯಾವ ನಕ್ಷೆಯಲ್ಲೂ ಇಲ್ಲ. ಅವರು ಬಾಳಿದ ಮೈಸೂರಿನ ಛಾಯೆಯೂ ಅದರಲ್ಲಿದೆ, ತಮಿಳು ಸೀಮೆಯ ಛಾಯೆಯೂ ಇದೆ.

ನಕ್ಷೆಯಲ್ಲಿಲ್ಲದ ಊರನ್ನು ಚಿತ್ರಿಸಲು ಶಂಕರ್‌ನಾಗ್ ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯನ್ನು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಬೀದಿ ಮಾಲ್ಗುಡಿಯ ಬೀದಿಯಾಯಿತು. ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಮಾರ್ಗದಲ್ಲಿ ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು, ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್. ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಕತೆಗೆ ಬಾಗಿಲು ತೆರೆದವು.

ಈ ಆಯ್ಕೆಯಿಂದ ರಜೆಯ ಹವಾಮಾನವೇ ಬದಲಾಯಿತು. ಕಾದಂಬರಿಯ ಮಾಲ್ಗುಡಿಗೆ ಬೇಸಿಗೆಯೆಂದರೆ ಬೆಂಕಿ. ದೊಡ್ಡವರು ಮನೆಯಿಂದ ಹೊರಬೀಳಲು ಹೆದರುವ ಸುಡುಬಿಸಿಲು. ಆಗುಂಬೆಯಾದರೋ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಘಟ್ಟದ ಊರು. ದೊಡ್ಡಮನೆಯ ಕಂಬಗಳು, ನಡುವಣ ಅಂಗಳ, ಜಗಲಿಯ ನೆರಳು ಇವೆಲ್ಲ ನಾರಾಯಣರ ಬಿಸಿಲಿಗೆ ಮಲೆನಾಡಿನ ತಂಪು ಬೆರೆಸಿದವು. ನೋಡುವವರಿಗೆ ಅದು ಅಜ್ಜಿಯ ಮನೆಯ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಅಂಗಳ, ಹಿಂದಿ ಮಾತು

ಶಿವಮೊಗ್ಗ, ಭದ್ರಾವತಿಗಳ ಮನೆಗಳಲ್ಲಿ ಒಟ್ಟಿಗೆ ಕುಳಿತು ಕತೆ ಕೇಳುವ ಅಭ್ಯಾಸ ಟಿ.ವಿ.ಗಿಂತ ಹಳೆಯದು. ಭದ್ರಾವತಿ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಗಿ, ಸುತ್ತಲ ಜಿಲ್ಲೆಗಳ ಅಡುಗೆಮನೆ, ಜಗಲಿಗಳನ್ನು ತಲುಪಿತ್ತು. ರೇಡಿಯೊ ಕೇಳುವಾಗ ಕೈ ಕೆಲಸ ಮಾಡುತ್ತಿದ್ದರೂ ನಡೆಯುತ್ತಿತ್ತು. ಟಿ.ವಿ. ಬಂದ ಮೇಲೆ ಕೆಲಸ ನಿಂತಿತು; ಎಲ್ಲರ ಮುಖವೂ ಒಂದೇ ಕಡೆ ತಿರುಗಿತು.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿದ ಮೇಲೆ ಸಣ್ಣ ಪಟ್ಟಣಗಳಲ್ಲೂ ಮರುಪ್ರಸಾರ ಕೇಂದ್ರಗಳು ಎದ್ದವು. 1984ರ ಜುಲೈಯಲ್ಲಿ ‘ಹಮ್ ಲೋಗ್’, ಅದೇ ವರ್ಷ ‘ಯೇ ಜೋ ಹೈ ಜಿಂದಗಿ’, 1987ರ ಜನವರಿಯಿಂದ ‘ರಾಮಾಯಣ’ – ಇವುಗಳ ನಡುವೆ 1986–87ರಲ್ಲಿ ‘ಮಾಲ್ಗುಡಿ ಡೇಸ್’ ಬಂತು. ಟಿ.ವಿ. ಇಲ್ಲದ ಮನೆಯ ಮಕ್ಕಳು ಇದ್ದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರುತ್ತಿದ್ದ ಕಾಲ ಅದು.

ಆದರೆ ತೆರೆಯ ಮೇಲಿನ ಜಗಲಿ ನಮ್ಮದು, ಮಳೆ ನಮ್ಮದು, ನಟರಲ್ಲಿ ಬಹುಪಾಲು ನಮ್ಮವರು. ಮಾತು ಮಾತ್ರ ಹಿಂದಿ. ಆರಂಭದ ಕಂತುಗಳು ಇಂಗ್ಲಿಷಿನಲ್ಲೂ ತಯಾರಾಗಿದ್ದವು. ದೇಶಕ್ಕೆಲ್ಲ ಒಂದೇ ವಾಹಿನಿ ಇದ್ದುದರಿಂದ ಅದು ಅನಿವಾರ್ಯವಾಗಿತ್ತು. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಬಾರದೆಂಬ ನಿಲುವು 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯಿಂದ ನಮ್ಮಲ್ಲಿ ಗಟ್ಟಿಯಾಗಿತ್ತು. ಕನ್ನಡದ ಕಲಾವಿದರ ಅನ್ನ ಉಳಿಸಲು ಹುಟ್ಟಿದ ಕಟ್ಟು ಅದು. ಅದೇ ಕಟ್ಟಿನಿಂದಾಗಿ ಕನ್ನಡಿಗರು ಕನ್ನಡ ನೆಲದಲ್ಲಿ ಮಾಡಿದ ಈ ಧಾರಾವಾಹಿಗೆ ಕನ್ನಡದ ಮಾತು ಕೂಡಿಸುವ ದಾರಿಯೂ ಮುಚ್ಚಿತ್ತು.

ಭದ್ರಾವತಿಯ ಮಟ್ಟಿಗೆ ಇದು ಅಷ್ಟು ವಿಚಿತ್ರವೇನಲ್ಲ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳನ್ನು ನಂಬಿ ನಾನಾ ಕಡೆಯಿಂದ ಬಂದು ನೆಲೆಸಿದ ಊರು ಅದು. ಕನ್ನಡ, ತಮಿಳು, ತೆಲುಗು, ಉರ್ದು ಮಾತುಗಳು ಅಕ್ಕಪಕ್ಕದ ಮನೆಗಳಲ್ಲೇ ಕೇಳುತ್ತವೆ. ಸ್ವಾಮಿಯ ರಜೆಯಲ್ಲಿ ಮಾತು ಅರ್ಥವಾಗದಿದ್ದರೂ ತಂದೆಯ ಹುಬ್ಬು ಅರ್ಥವಾಗುತ್ತಿತ್ತು.

ಒಂದು ಮನೆ, ಎರಡು ರಜೆ

ಈ ರಜೆಯ ಭಾಗದ ಕಟ್ಟು ಸರಳವಾಗಿ ಕಂಡರೂ ಬಹಳ ಜಾಣತನದ್ದು. ಪರೀಕ್ಷೆಗೆ ಮೊದಲು ಸ್ವಾಮಿ ತನಗೆ ಬೇಕಾದ ಸಾಮಾನುಗಳ ಪಟ್ಟಿ ಬರೆಯುತ್ತಾನೆ: ಬಿಳಿ ಕಾಗದ, ನಿಬ್ಬು, ಶಾಯಿ, ಕ್ಲಿಪ್ಪು, ಗುಂಡುಸೂಜಿ. ಪಾಠಕ್ಕಿಂತ ಪಟ್ಟಿಯೇ ಅವನಿಗೆ ಪ್ರಿಯ. ತಂದೆಯಾದರೋ ಬೇಕಾದ್ದನ್ನು ತನ್ನ ಮೇಜಿನಿಂದಲೇ ತೆಗೆದುಕೊ ಎಂದುಬಿಡುತ್ತಾರೆ. ಕೊನೆಯ ಪರೀಕ್ಷೆ ಮುಗಿದೊಡನೆ ಹುಡುಗರು ಒಬ್ಬರ ಮೇಲೊಬ್ಬರು ಶಾಯಿ ಚೆಲ್ಲಿಕೊಂಡು ಕುಣಿಯುತ್ತಾರೆ. ವರ್ಷವಿಡೀ ಭಯ ಹುಟ್ಟಿಸಿದ ಶಾಯಿ ಆ ಒಂದು ಗಳಿಗೆ ಹೋಳಿಯ ಬಣ್ಣವಾಗುತ್ತದೆ.

ಆಮೇಲಿನದು ಖಾಲಿ ದಿನಗಳು. ಸ್ವಾಮಿಗೆ ಓಡಿಸಲು ಒಂದು ಗಾಲಿಯ ಬಳೆ ಬೇಕು. ಜಟಕಾ ಓಡಿಸುವವನೊಬ್ಬ ತಂದುಕೊಡುತ್ತೇನೆಂದು ನಂಬಿಸಿ ಕಾಸು ಕೀಳುತ್ತಾನೆ. ಸೇಡು ತೀರಿಸಿಕೊಳ್ಳಲು ಗೆಳೆಯರು ಹೂಡುವ ಹಂಚಿಕೆಯೂ ಕೆಡುತ್ತದೆ. ಹಳೆಯ ಸೈಕಲ್ ಟೈರಿಗೆ ಕೋಲು ತಾಗಿಸಿಕೊಂಡು ಬೀದಿಯುದ್ದಕ್ಕೂ ಓಡಿದ ಯಾವ ಮಗುವಿಗೂ ಆ ಬಳೆಯ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕತೆಯ ತಿರುವು ಇರುವುದು ಮುಂದಿನ ಹೆಜ್ಜೆಯಲ್ಲಿ. ಸ್ವಾಮಿಯ ತಂದೆ ವಕೀಲರು, ಕೋರ್ಟಿಗೂ ಬೇಸಿಗೆಯಲ್ಲಿ ರಜೆ. ಶಾಲೆಯಿರುವಾಗ ಬೆಳಗ್ಗೆ ಕಂಡು ಮರೆಯಾಗುತ್ತಿದ್ದ ತಂದೆ ಈಗ ದಿನವಿಡೀ ಮನೆಯಲ್ಲಿ. ಪುಸ್ತಕಗಳ ಮೇಲಿನ ಧೂಳು ಅವರ ಕಣ್ಣಿಗೆ ಬೀಳುತ್ತದೆ. ಹುಡುಗ ಹೊರಗೆ ಹೊರಟದ್ದೂ ಬೀಳುತ್ತದೆ. ಹೀಗೆ ತಂದೆಯ ರಜೆ ಮಗನ ರಜೆಯನ್ನು ನುಂಗುತ್ತದೆ. ಮಾವಿನ ಹಣ್ಣಿನ ಲೆಕ್ಕ ಹುಟ್ಟುವುದು ಈ ಇಕ್ಕಟ್ಟಿನಲ್ಲಿ.

1957ರ ಏಪ್ರಿಲ್‌ನಲ್ಲಿ ದಶಮಾನ ನಾಣ್ಯ ಬಂದಿದ್ದರಿಂದ 1980ರ ದಶಕದ ಮಕ್ಕಳಿಗೆ ಆಣೆಯ ಲೆಕ್ಕ ಗೊತ್ತಿರಲಿಲ್ಲ. ಪಕ್ಕದಲ್ಲಿ ಕುಳಿತ ಅಪ್ಪನಿಗೋ ಅಜ್ಜನಿಗೋ ಗೊತ್ತಿತ್ತು: ಹಣ್ಣೊಂದಕ್ಕೆ ಒಂದೂವರೆ ಆಣೆ, ನಾಲ್ಕಕ್ಕೆ ಆರು. ತೆರೆಯ ಮೇಲಿನ ಲೆಕ್ಕಕ್ಕೆ ಚಾಪೆಯ ಮೇಲೆ ಉತ್ತರ ಹೇಳಿಕೊಡುವ ಹಿರಿಯರು ಇದ್ದ ಕಾಲವದು. ಹಾಗೆ ಹೇಳಿಕೊಟ್ಟ ಹಿರಿಯರೇ ಮರುದಿನ ಮಗುವನ್ನು ಕರೆದು ಮಗ್ಗಿ ಕೇಳುತ್ತಿದ್ದುದೂ ಉಂಟು.

ನಾರಾಯಣ್ ತಂದೆಯನ್ನು ಕೇಡಿಗನನ್ನಾಗಿ ಮಾಡುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಹುಡುಗ ಅತ್ತ ಮೇಲೆ ತಂದೆಗೂ ಮನಸ್ಸು ಕರಗಿ, ಸಂಜೆ ಅವನನ್ನು ತಾವೇ ಕ್ಲಬ್ಬಿಗೆ ಕರೆದೊಯ್ಯುತ್ತಾರೆ. ಕ್ಷಮೆ ಕೇಳುವ ಮಾತು ಆ ಕಾಲದ ತಂದೆಯರ ಬಾಯಲ್ಲಿರಲಿಲ್ಲ; ಹೊರಗೆ ಕರೆದುಕೊಂಡು ಹೋಗುವುದೇ ಕ್ಷಮೆಯಾಗಿತ್ತು. ಅಪ್ಪಣೆ ಕೊಡಬಲ್ಲವರು ಅಪ್ಪಣೆಯನ್ನು ಕಿತ್ತುಕೊಳ್ಳಲೂ ಬಲ್ಲರು, ಮರಳಿಸಲೂ ಬಲ್ಲರು. ‘ರಜೆ’ ಎಂಬ ಪದದೊಳಗೆ ಹುದುಗಿದ್ದ ಹಳೆಯ ಅರ್ಥವನ್ನು ಈ ಕತೆ ಯಾವ ನಿಘಂಟಿನ ಸಹಾಯವೂ ಇಲ್ಲದೆ ಬಿಡಿಸಿ ತೋರಿಸುತ್ತದೆ.

ಕಾರ್ಖಾನೆಯ ಊರಿನ ಬಿಡುವು

ಈ ಅರ್ಥ ಭದ್ರಾವತಿಗೆ ಇನ್ನಷ್ಟು ಚೆನ್ನಾಗಿ ಗೊತ್ತು. ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿದ್ದು 1918ರಲ್ಲಿ. 1923ರಲ್ಲಿ ಕಬ್ಬಿಣ ಹೊರಬಂತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಿಲ್ಲಿಸಿ ನಡೆಸಿದರು, ಮುಂದೆ ಅದಕ್ಕೆ ಅವರ ಹೆಸರೇ ಬಂತು. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕುಲುಮೆ ಹಬ್ಬವೆಂದು ಆರುವುದಿಲ್ಲ. ಪಾಳಿಯ ಕೆಲಸ ಮಾಡುವ ತಂದೆಯ ರಜೆಯೂ ಮಕ್ಕಳ ರಜೆಯೂ ಒಟ್ಟಿಗೆ ಬೀಳುವುದು ಅಪರೂಪ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಿದರೆ ಮಕ್ಕಳು ಪಿಸುಮಾತಿನಲ್ಲಿ ಆಡಬೇಕು. ಸ್ವಾಮಿಯ ಮನೆಯ ಇಕ್ಕಟ್ಟು ಇಲ್ಲಿ ಇನ್ನೊಂದು ರೂಪದಲ್ಲಿತ್ತು.

ದಸರೆಗೋ ಬೇಸಿಗೆಗೋ ರಜೆ ಮಂಜೂರಾದರೆ ಪೆಟ್ಟಿಗೆ ಕಟ್ಟಿ ಊರಿಗೆ ಹೊರಡುವುದು. ಭದ್ರಾವತಿಯಿಂದ ಶಿವಮೊಗ್ಗ ಸುಮಾರು 20 ಕಿಲೋಮೀಟರ್. ಅಲ್ಲಿ ಬಸ್ಸು ಬದಲಿಸಿದರೆ ತೀರ್ಥಹಳ್ಳಿ, ಸಾಗರ, ಹೊಸನಗರದ ದಾರಿಗಳು. ಹಲಸು, ಮಾವು, ಹೊಳೆ, ಅಜ್ಜಿ. ರಜೆ ಮುಗಿಯುವಾಗ ಉಪ್ಪಿನಕಾಯಿಯ ಡಬ್ಬಿಯೊಂದಿಗೆ ಅದೇ ಬಸ್ಸಿನಲ್ಲಿ ವಾಪಸು. ಕೊಟ್ಟವರು ಮರಳಿ ಕರೆಯುತ್ತಾರೆ ಎಂಬ ಅರಿವು ಇದ್ದುದರಿಂದಲೇ ಆ ದಿನಗಳಿಗೆ ರುಚಿ.

ಕರೆಯುವವರೇ ಇಲ್ಲದಾಗ ಏನಾಗುತ್ತದೆ ಎಂಬುದನ್ನೂ ಆ ಊರು ಕಂಡಿದೆ. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತದ್ದು 2015ರಲ್ಲಿ. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದರು. ಕೆಲಸ ತಪ್ಪಿದವನ ಮುಂದೆಯೂ ಖಾಲಿ ದಿನಗಳು ಸಾಲುಗಟ್ಟಿ ನಿಲ್ಲುತ್ತವೆ. ಅದನ್ನು ಯಾರೂ ರಜೆ ಎನ್ನುವುದಿಲ್ಲ. ಮರಳಿ ಹೋಗಲು ಜಾಗವಿದ್ದವನಿಗೆ ಮಾತ್ರ ರಜೆ.

ಮತ್ತೆ ಮನೆಗೆ

1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡರು. ಬಳಿಕ ಉಪಗ್ರಹ ವಾಹಿನಿಗಳು ಬಂದವು. 1994ರಲ್ಲಿ ಉದಯ ಟಿ.ವಿ. ಆರಂಭವಾಯಿತು. 2000ದ ದಶಕದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳಂಥ ನಗೆ ಧಾರಾವಾಹಿಗಳು ಕನ್ನಡದಲ್ಲೇ ಮನೆಮಂದಿಯನ್ನು ನಗಿಸಿದವು. ದಿನವಹಿ ಧಾರಾವಾಹಿಗಳು ಹೆಚ್ಚಿದಂತೆ ಹಬ್ಬದ ಕಂತುಗಳೂ ಹೆಚ್ಚಿದವು. ನೋಡುವವರ ಮನೆಯಲ್ಲಿ ಯುಗಾದಿಯಾದರೆ ತೆರೆಯ ಮೇಲಿನ ಮನೆಯಲ್ಲೂ ತೋರಣ. ಇಲ್ಲಿ ದೀಪಾವಳಿಯಾದರೆ ಅಲ್ಲೂ ದೀಪ. ಜೊತೆಗೆ ‘ಮಹಾಸಂಚಿಕೆ’ ಎಂಬ ಬಿರುದು. ಅಮೆರಿಕದ ಸಂಪ್ರದಾಯ ಹೀಗೆ ನಮ್ಮ ಹಬ್ಬಗಳನ್ನು ಉಟ್ಟುಕೊಂಡು ಬಂತು. ಆದರೆ ಹಬ್ಬ ಕಳೆದ ಮರುದಿನ ಆ ಕಂತು ಹಳೆಯ ಕ್ಯಾಲೆಂಡರಿನ ಹಾಳೆ. ಏನೂ ನಡೆಯದ ರಜೆಯ ಕಂತಿಗೆ ಆ ತೊಂದರೆಯಿಲ್ಲ. ಅದನ್ನು ಯಾವ ತಿಂಗಳಲ್ಲಿ ಬೇಕಾದರೂ ನೋಡಬಹುದು.

ಡಬ್ಬಿಂಗ್ ಕುರಿತ ಕಟ್ಟು ಸಡಿಲವಾದ ಮೇಲೆ, 2020ರಲ್ಲಿ ‘ಮಾಲ್ಗುಡಿ ಡೇಸ್’ ಕನ್ನಡದ ಮಾತಿನೊಂದಿಗೆ ಕಿರುತೆರೆಗೆ ಬಂತು. ಆಗ ಕೊರೊನಾ ಲಾಕ್‌ಡೌನ್. ಶಾಲೆಯೂ ಇಲ್ಲ, ಕಚೇರಿಯೂ ಇಲ್ಲ. ತಂದೆ ಮಕ್ಕಳು ಹಗಲಿಡೀ ಒಂದೇ ಸೂರಿನಡಿ. ಸ್ವಾಮಿಯ ಮನೆಯ ಬೇಸಿಗೆಯನ್ನು ಇಡೀ ನಾಡು ಒಮ್ಮೆಲೇ ಅನುಭವಿಸುತ್ತಿದ್ದ ಹೊತ್ತಿನಲ್ಲಿ ಸ್ವಾಮಿ ಕನ್ನಡದಲ್ಲಿ ಮಾತಾಡಿದ. ಅದೇ ವರ್ಷ ಅರಸಾಳು ನಿಲ್ದಾಣದ ಹಳೆಯ ಕಟ್ಟಡದಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೂ ತೆರೆಯಿತು. ಅದನ್ನು ರೂಪಿಸುವಲ್ಲಿ ಅಂದಿನ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕೈಯೂ ಇತ್ತು.

ಈಗ ಶಿವಮೊಗ್ಗದಿಂದ ರಜೆಯಲ್ಲಿ ಮಕ್ಕಳನ್ನು ಅರಸಾಳಿಗೂ ಆಗುಂಬೆಗೂ ಕರೆದೊಯ್ಯುವವರಿದ್ದಾರೆ. ಬೇಸಿಗೆ ಶಿಬಿರ, ಟ್ಯೂಷನ್ನು, ಮುಂದಿನ ತರಗತಿಯ ಪಾಠಗಳ ನಡುವೆ ಅದಕ್ಕೊಂದು ದಿನ ಹೊಂದಿಸಬೇಕಾಗುತ್ತದೆ. ಸ್ವಾಮಿಯ ತಂದೆ ಕೊಟ್ಟದ್ದು ಒಂದೇ ಒಂದು ಲೆಕ್ಕ, ಅದೂ ಒಂದು ದಿನ. ಉಳಿದ ದಿನಗಳಲ್ಲಿ ಗಾಲಿಯ ಬಳೆಯ ಕನಸು ಕಾಣಲು ಹುಡುಗನಿಗೆ ಬೇಕಾದಷ್ಟು ಹೊತ್ತಿತ್ತು. ಇಂದಿನ ರಜೆಯಲ್ಲಿ ಲೆಕ್ಕಗಳು ಹೆಚ್ಚಾಗಿವೆ. ಹಣ್ಣು ಮಾಗಿತ್ತೇ ಎಂದು ಯೋಚಿಸುತ್ತ ಕೂರುವ ಹೊತ್ತು ಕಡಿಮೆಯಾಗಿದೆ. ಆ ಹೊತ್ತನ್ನು ಮಕ್ಕಳಿಗೆ ಮಂಜೂರು ಮಾಡಬೇಕಾದವರು ಮನೆಯ ಹಿರಿಯರೇ.